ಒಂದು ಸೆಂಟಿಮೀಟರ್ ಕಲ್ಲಿದ್ದಲು

ಮಂಡ್ಯ ಜಿಲ್ಲೆಯ ಚಿನಕುರಳಿ ಸುತ್ತಮುತ್ತ ಕಬ್ಬು ಕಡಿದ ಗದ್ದೆಯಲ್ಲಿ ತರಗು ದಪ್ಪಗೆ ಹಾಸಿಕೊಂಡಿರುತ್ತದೆ. ಬೆಂಕಿ ಇಡದೆ ಬಿಟ್ಟರೂ ಗೆದ್ದಲು, ಬೂಷ್ಟು, ಎರೆಹುಳು ಸೇರಿ ಅದನ್ನು ಮಣ್ಣು ಮಾಡಿಬಿಡುತ್ತವೆ. ಇಷ್ಟು ಸೊಂಪಾಗಿ ಬೆಳೆಯುವ ನೆಲದಲ್ಲೂ ಎಲೆಯ ಮೇಲೆ ಎಲೆ ಕೂತು ಉಳಿಯುವುದಿಲ್ಲ. ಹಾಗಾದರೆ ಒಂದು ಇಡೀ ಕಾಡು ಕೊಳೆಯದೆ ಕಲ್ಲಿದ್ದಲಾಗಿದ್ದು ಹೇಗೆ, ಅದಕ್ಕೆ ಎಷ್ಟು ಕಾಲ ಹಿಡಿಯಿತು?

ಉತ್ತರ ನಮ್ಮ ಕಾಲ ಕೆಳಗಿಲ್ಲ. ಈ ಸೀಮೆಯ ತಳಬಂಡೆ ಬಹುಪಾಲು 300 ಕೋಟಿ ವರ್ಷದಷ್ಟು ಹಳೆಯದು; ಭೂಮಿಯ ಮೇಲೆ ಮೊದಲ ಕಾಡು ಎದ್ದಿದ್ದು ಸುಮಾರು 39 ಕೋಟಿ ವರ್ಷಗಳ ಹಿಂದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗೂಡ್ಸ್ ರೈಲಿನಲ್ಲಿ ಬರುವ ಸಿಂಗರೇಣಿ ಕಲ್ಲಿದ್ದಲು ಗೋದಾವರಿ ಕಣಿವೆಯದು. 25ರಿಂದ 30 ಕೋಟಿ ವರ್ಷಗಳ ಹಿಂದೆ ಅಲ್ಲಿ ಗ್ಲಾಸಾಪ್ಟೆರಿಸ್ ಮರಗಳ ಜೌಗು ಕಾಡಿತ್ತು. ನಿಂತ ನೀರಿಗೆ ಬಿದ್ದ ಎಲೆಗೆ ಗಾಳಿ ತಾಕಲಿಲ್ಲ, ಹಾಗಾಗಿ ಅದು ಪೂರ್ತಿ ಕೊಳೆಯಲಿಲ್ಲ. ಆ ಕಲ್ಲಿದ್ದಲಿನ ಒಂದು ಹೆಂಟೆಯನ್ನು ಬೆಳಕಿಗೆ ಹಿಡಿದರೆ ಹೊಳೆಯುವ ಗೆರೆ, ಮಂಕು ಗೆರೆ ಒಂದರ ಮೇಲೊಂದು ಕಾಣುತ್ತವೆ. ಹೊಳೆಯುವುದು ಹೆಚ್ಚಾಗಿ ಕಾಂಡ, ತೊಗಟೆ.

ಎಷ್ಟು ಕಾಲ ಹಿಡಿಯಿತು ಎಂಬ ಲೆಕ್ಕಕ್ಕೆ ಇಂದಿನ ಜೌಗುಗಳೇ ಆಧಾರ. ಉಷ್ಣವಲಯದ ಜೌಗಿನಲ್ಲಿ ಸಸ್ಯಶೇಷ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಏರುತ್ತದೆ. ಮೇಲಿನ ಮಣ್ಣಿನ ಭಾರಕ್ಕೆ, ಒಳಗಿನ ಕಾವಿಗೆ ಅದು ಕುಗ್ಗಿ ಹತ್ತರಲ್ಲೊಂದು ಪಾಲಾಯಿತು ಎಂದುಕೊಂಡರೆ, ಒಂದು ಸೆಂಟಿಮೀಟರ್ ಕಲ್ಲಿದ್ದಲಿಗೆ ನೂರು ವರ್ಷ. ಒಂದು ಮೀಟರಿಗೆ ಹತ್ತು ಸಾವಿರ. ಕೆಲವರು ಕುಗ್ಗಿದ್ದು ಇಷ್ಟಿಲ್ಲ ಎಂದು ಅರ್ಧಕ್ಕೆ ಇಳಿಸುತ್ತಾರೆ. ನಡುವೆ ಹೊಳೆ ಉಕ್ಕಿ ಮರಳು ತುಂಬಿದ, ಜೌಗು ಒಣಗಿದ ಕಾಲವಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪದರದ ಮೇಲೆ, ಕೆಳಗೆ ಜ್ವಾಲಾಮುಖಿಯ ಬೂದಿ ಸಿಕ್ಕಿದರೆ ಅದರೊಳಗಿನ ಜಿರ್ಕಾನ್ ಹರಳುಗಳ ವಯಸ್ಸು ತೆಗೆದು ತಾಳೆ ನೋಡಬಹುದು. ಅಂದಾಜೇ ಆದರೂ ನನ್ನನ್ನು ಬೆರಗಾಗಿಸಲು ಅಷ್ಟು ಸಾಕು: ನೂರು ಮಳೆಗಾಲ, ಉಗುರಿನಗಲದ ದಪ್ಪ.

ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಬೋರ್‌ವೆಲ್ಲಿನ ಐದು ಎಚ್‌ಪಿ ಮೋಟಾರು ಗಂಟೆಗೆ ನಾಲ್ಕು ಯೂನಿಟ್‌ನ ಹತ್ತಿರ ಎಳೆಯುತ್ತದೆ. ಅದಷ್ಟೂ ಕಲ್ಲಿದ್ದಲಿನ ಕರೆಂಟೇ ಆಗಿದ್ದರೆ, ಗಂಟೆಗೆ ಉರಿಯುವುದು ಎರಡು ಚದರ ಅಡಿ ಜೌಗು ನೂರು ವರ್ಷ ಕೂಡಿಟ್ಟಿದ್ದು. ಬೋರ್‌ವೆಲ್ಲಿನ ಸ್ಟಾರ್ಟರ್ ಆಟೋದಲ್ಲಿಟ್ಟು ಮಲಗುವ ಅಣ್ಣಂದಿರೇ, ಗದ್ದೆಗೆ ನೀರು ಸಾಕಾಗಿದ್ದರೆ ಇವತ್ತು ಅದನ್ನು ಆಫ್ ಮಾಡಿ ಮಲಗಿ.