ನೆಲದಡಿಯ ಅಮಾನತು



ಈಜಿಪ್ಟಿನ ಅರಸ ಕಂಡ ಕನಸು ನಿಮಗೆ ತಿಳಿದದ್ದೇ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿಂದುಹಾಕಿದವು. ಸೆರೆಮನೆಯಲ್ಲಿದ್ದ ಪ್ರವಾದಿ ಯೂಸುಫ್(ಅ) ಕನಸಿನ ಅರ್ಥದೊಂದಿಗೆ ಪರಿಹಾರವನ್ನೂ ತಿಳಿಸಿದರು: ಸಮೃದ್ಧಿಯ ಏಳು ವರ್ಷಗಳಲ್ಲಿ ಉಣ್ಣಲು ಬೇಕಾದಷ್ಟನ್ನು ಮಾತ್ರ ತೆಗೆದು, ಉಳಿದ ಧಾನ್ಯವನ್ನು ತೆನೆಯಲ್ಲೇ ಕಾಪಿಡಬೇಕು, ಮುಂದೆ ಬರುವ ಏಳು ವರ್ಷಗಳ ಬರಗಾಲಕ್ಕೆ ಅದೇ ಆಸರೆ. ಸೂರಃ ಯೂಸುಫ್ ಓದುವಾಗ ನಾವು ಬಾವಿಯನ್ನೂ ಸೆರೆಮನೆಯನ್ನೂ ನೆನೆದು ಕಣ್ಣೀರಿಡುತ್ತೇವೆ. ಕಣಜದ ಪಾಠವನ್ನು ಮಾತ್ರ ಮರೆಯುತ್ತೇವೆ. ಹಾಗೆ ಮರೆತ ದೇಶವೊಂದರ ಕಥೆಯನ್ನು ಕೇಳಿರಿ.

ಅದು ಆಫ್ರಿಕಾದ ನೈಜೀರಿಯ. 1956ರಲ್ಲಿ ಅಲ್ಲಿನ ನೈಜರ್ ನದೀಮುಖಜ ಪ್ರದೇಶದ ಒಲೊಯಿಬಿರಿ ಎಂಬ ಊರಿನಲ್ಲಿ ತೈಲ ಸಿಕ್ಕಿತು. ಅದಕ್ಕೆ ಮೊದಲು ಆ ದೇಶ ಬದುಕಿದ್ದು ನೆಲಗಡಲೆ, ಕೋಕೋ ಮತ್ತು ತಾಳೆಯೆಣ್ಣೆಯಿಂದ. ಉತ್ತರದ ಕಾನೊ ನಗರದಲ್ಲಿ ನೆಲಗಡಲೆಯ ಮೂಟೆಗಳನ್ನು ಗೋಪುರದಂತೆ ಪೇರಿಸಿಡುತ್ತಿದ್ದರು. 1973-74ರಲ್ಲಿ ತೈಲಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಹಣದ ಹೊಳೆಯೇ ಹರಿಯಿತು. ವಿದೇಶಿ ಹಣ ತುಂಬಿ ಬಂದಾಗ ನಾಡಿನ ನಾಣ್ಯದ ಬೆಲೆ ಏರುತ್ತದೆ. ಆಗ ಸ್ವಂತ ರೈತನ ಬೆಳೆ ಹೊರಗಿನವರಿಗೆ ದುಬಾರಿ. ಹೊರಗಿನ ಅಕ್ಕಿ, ಗೋಧಿ ನಾಡಿನವರಿಗೆ ಅಗ್ಗ. ಯುವಕರು ನೇಗಿಲು ಬಿಟ್ಟು ಪೇಟೆ ಸೇರಿದರು. ಬರಗಾಲ ಮತ್ತು ಬೆಳೆರೋಗವೂ ಜೊತೆಗೂಡಿದವು. ಕಾನೊದ ಗೋಪುರಗಳು ಕಣ್ಮರೆಯಾದವು.

1975ರಲ್ಲಿ ಸರಕಾರ ಸುಮಾರು 2 ಕೋಟಿ ಟನ್ ಸಿಮೆಂಟು ತರಿಸಲು ಹೊರಟಿತು. ಲಾಗೋಸ್ ಬಂದರಿಗೆ ಅದನ್ನು ಇಳಿಸಿಕೊಳ್ಳುವ ಶಕ್ತಿ ಎಲ್ಲಿತ್ತು? ನೂರಾರು ಹಡಗುಗಳು ಸಮುದ್ರದಲ್ಲೇ ಕಾದು ನಿಂತವು. ಕಾದ ಪ್ರತಿ ದಿನಕ್ಕೂ ದಂಡ ತೆರಬೇಕಾಯಿತು. ದುಂದುವೆಚ್ಚಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ? 1986ರಲ್ಲಿ ತೈಲಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಬಡಕಲು ಹಸುಗಳು ಬಂದಾಗ ಕಣಜ ಬರಿದಾಗಿತ್ತು, ತಲೆಯ ಮೇಲೆ ಸಾಲವಿತ್ತು.

ತೈಲ ಕೊಟ್ಟ ನೆಲದ ಗತಿಯೇನು? ಒಗೊನಿ ಪ್ರದೇಶದ ಹಳ್ಳಿಯೊಂದರಲ್ಲಿ ಜನ ಕುಡಿಯುತ್ತಿದ್ದ ಬಾವಿನೀರಿನಲ್ಲಿ ಬೆಂಜೀನ್ ಎಂಬ ವಿಷ ಮಿತಿಗಿಂತ 900 ಪಟ್ಟು ಹೆಚ್ಚಿದೆಯೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2011ರಲ್ಲಿ ವರದಿ ಮಾಡಿತು. ಲಾಭ ಯಾರ ಪಾಲಿಗೆ, ವಿಷ ಯಾರ ಪಾಲಿಗೆ ಎಂದು ಯೋಚಿಸಿರಿ.

ಹಾಗಾದರೆ ತೈಲವೇ ಶಾಪವೇ? ಖಂಡಿತ ಅಲ್ಲ. ಅದು ಅಲ್ಲಾಹನ ಅನುಗ್ರಹ. ನಮ್ಮ ಕೈಗೆ ಒಪ್ಪಿಸಲಾದ ಅಮಾನತು. ನಾರ್ವೆ ದೇಶ 1990ರಲ್ಲಿ ಕಾನೂನು ಮಾಡಿ ತೈಲದ ಆದಾಯಕ್ಕೆಂದೇ ನಿಧಿಯೊಂದನ್ನು ಸ್ಥಾಪಿಸಿತು. ಅಸಲನ್ನು ಮುಂದಿನ ತಲೆಮಾರಿಗೆ ಉಳಿಸಿ, ಅದರ ಗಳಿಕೆಯಷ್ಟನ್ನು ಖರ್ಚು ಮಾಡುವುದು ಅಲ್ಲಿನ ನಿಯಮ. ಆದರೆ ಅಲ್ಲಿ ತೈಲಕ್ಕೆ ಮೊದಲೇ ಗಟ್ಟಿಯಾದ ಆಡಳಿತವಿತ್ತು. ಯೂಸುಫ್(ಅ) ಉಗ್ರಾಣದ ಹೊಣೆಯನ್ನು ಕೇಳಿ ಪಡೆದಾಗ ಮುಂದಿಟ್ಟ ಅರ್ಹತೆಗಳು ಎರಡು: ಕಾಪಾಡುವ ಪ್ರಾಮಾಣಿಕತೆ ಮತ್ತು ಅರಿವು. ಕಣಜಕ್ಕಿಂತ ಮೊದಲು ಬೇಕಾದುದು ಅಂತಹ ಕಾವಲುಗಾರ. ಸುಮಾರು 8 ಲಕ್ಷ ಜನರ ಗಯಾನಾದಲ್ಲಿ 2015ರಲ್ಲಿ ಸಮುದ್ರದಡಿ ತೈಲ ಸಿಕ್ಕಿತು; 2019ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಅವರೂ ನಿಧಿಯೊಂದನ್ನು ಸ್ಥಾಪಿಸಿದ್ದಾರೆ. ಕಾವಲುಗಾರರು ಹೇಗಿರುವರೆಂಬುದೇ ಅವರ ಮುಂದಿರುವ ಪರೀಕ್ಷೆ.

ಓದುಗರೇ, ಇದು ದೂರದ ದೇಶಗಳ ಮಾತೆಂದು ಪುಟ ಮಗುಚಬೇಡಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಬರುವ ಹಣವೂ ತೈಲದ ಹಣವೇ. ಮಗ ಮರಳುಗಾಡಿನ ಬಿಸಿಲಲ್ಲಿ ಬೆವರು ಸುರಿಸಿ ಕಳಿಸಿದ್ದು ಮದುವೆಯ ಆಡಂಬರದಲ್ಲಿ, ಇಬ್ಬರೇ ವಾಸಿಸುವ ಮಾಳಿಗೆ ಮನೆಯಲ್ಲಿ ಕರಗಿದರೆ, ಗದ್ದೆ ಹಡಿಲು ಬಿದ್ದರೆ, ನಾವೂ ಆ ಸಿಮೆಂಟಿನ ಹಡಗುಗಳನ್ನೇ ತರಿಸಿದಂತಾಯಿತು. ನೌಕರಿ ಹೋದ ದಿನ ಏನು ಗತಿ? ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸದೆ ಪರಲೋಕದಲ್ಲಿ ಯಾರೂ ಹೆಜ್ಜೆ ಕದಲಿಸಲಾರರೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಕೊಬ್ಬಿದ ಹಸುಗಳ ಕಾಲದಲ್ಲೇ ಕಣಜ ಕಟ್ಟುವ ವಿವೇಕವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.