ಕೂಡಿಸುವುದೂ ಸವರುವುದೂ



ಗಡಿಗೆಯನ್ನು ಬಾರಿಸಿ ಕುಣಿದ ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರನ ರಗಳೆಯಿಂದ ನೀವು ಬಲ್ಲಿರಿ. ಮಣ್ಣು ವಾದ್ಯವಾಗಬಲ್ಲುದೆಂಬುದು ನಮಗೆ ಹೊಸ ಮಾತಲ್ಲ. ಇಂದು ನಾವು ನಿಮ್ಮ ಮುಂದಿಡುವುದು ನೈಜೀರಿಯಾ ದೇಶದ ಇಗ್ಬೋ ಜನರ ‘ಉಡು’ ಎಂಬ ಮಣ್ಣಿನ ವಾದ್ಯವನ್ನು. ನಮ್ಮ ನುಡಿಯ ಉಡುವಿಗೂ ಇದಕ್ಕೂ ನಂಟಿಲ್ಲ. ಅವರಲ್ಲಿ ಆ ಪದಕ್ಕೆ ಪಾತ್ರೆಯೆಂದು ಅರ್ಥ.

ಇದಕ್ಕೆ ಚರ್ಮದ ಹೊದಿಕೆಯಿಲ್ಲ. ಹೂಜಿಯಂತಹ ಆಕಾರ, ಮೇಲೊಂದು ಬಾಯಿ, ಪಕ್ಕದಲ್ಲೊಂದು ರಂಧ್ರ. ಆ ರಂಧ್ರವನ್ನು ಅಂಗೈಯಿಂದ ಬಡಿದರೆ ಒಳಗಿನ ಗಾಳಿಯೇ ಗಂಭೀರವಾಗಿ ಮೊಳಗುತ್ತದೆ. ಪರಂಪರೆಯಿಂದ ಇದನ್ನು ರೂಪಿಸುವವರೂ ನುಡಿಸುವವರೂ ಸ್ತ್ರೀಯರು. ಅವರು ತಿಗರಿಯನ್ನು ಬಳಸುವುದಿಲ್ಲ. ಕೋಡುಬಳೆಗೆ ಹಿಟ್ಟನ್ನು ಹೊಸೆಯುವಂತೆ ಮಣ್ಣನ್ನು ಹೊಸೆದು, ಸುರುಳಿಯ ಮೇಲೆ ಸುರುಳಿಯನ್ನಿಟ್ಟು ಗೋಡೆಯನ್ನು ಎಬ್ಬಿಸುತ್ತಾರೆ.

ಈ ಬಗೆಯ ಪಾತ್ರೆಯ ಬಲವೆಲ್ಲ ಸುರುಳಿಗಳ ಸಂಧಿಯಲ್ಲಿದೆ. ಮೇಲಿನ ಮಣ್ಣನ್ನು ಕೆಳಗಿನದರೊಳಕ್ಕೆ ಬೆರಳಿನಿಂದ ಒತ್ತಿ ಇಳಿಸಬೇಕು, ಒಳಗೂ ಹೊರಗೂ. ಹೊರಮೈಯನ್ನಷ್ಟೇ ನುಣ್ಣಗೆ ಸವರಿದರೆ ಕಣ್ಣಿಗೆ ಗೋಡೆ ಒಂದಾಗಿ ಕಂಡೀತು, ಆದರೆ ಒಂದಾಗಿರುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ. ಒಣಗಿದ ಅಂಚಿನ ಮೇಲೆ ಹಸಿಯ ಸುರುಳಿಯನ್ನಿಟ್ಟರೆ ಒಂದು ಕುಗ್ಗಿ ಮುಗಿದಿರುತ್ತದೆ, ಇನ್ನೊಂದು ಕುಗ್ಗಬೇಕಾಗಿರುತ್ತದೆ. ನಡುವೆ ಬಿರುಕು ಬಿಡದೆ ಗತ್ಯಂತರವಿಲ್ಲ. ಆದುದರಿಂದಲೇ ಕೈಕಟ್ಟಿನ ಕುಂಬಾರಿಕೆಯನ್ನು ಬಲ್ಲವರು ಬಿಗಿಯತೊಡಗಿದ ಅಂಚನ್ನು ಗೀರಿ ಒರಟಾಗಿಸಿ, ತೆಳ್ಳನೆಯ ಕೆಸರನ್ನು ಬಳಿದು, ಅನಂತರ ಕೂಡಿಸುತ್ತಾರೆ. ಕೆಲಸ ನಿಲ್ಲಿಸುವಾಗ ಅಂಚಿಗೆ ಒದ್ದೆಬಟ್ಟೆ ಹೊದಿಸುತ್ತಾರೆ. ಸಂಧಿಯ ದೋಷ ಬೆಂಕಿಯಲ್ಲಿ ಹೊರಬೀಳುತ್ತದೆ. ಅಲ್ಲಿ ತಪ್ಪಿಸಿಕೊಂಡರೆ ಬಡಿಯುವ ಕೈಗೆ ಸಿಕ್ಕೀತು. ಸೀಳಿದ ಮಡಕೆಯ ದನಿ ಮಕ್ಕಳಿಗೂ ಗೊತ್ತು.

ಇದನ್ನು ನಾವು ಬರೆಯುತ್ತಿರುವುದಕ್ಕೆ ನಮ್ಮದೇ ಒಂದು ಕಾರಣವಿದೆ.

ಹಲವು ವರ್ಷಗಳ ಹಿಂದೆ ಒಡಹುಟ್ಟಿದ ಇಬ್ಬರು ಹೊಲದ ವ್ಯಾಜ್ಯವನ್ನು ಹೊತ್ತು ಮಠಕ್ಕೆ ಬಂದರು. ಬದುವನ್ನು ಒತ್ತಿದ್ದವನು ತಮ್ಮ. ಅವನ ಕಣ್ಣು ತುಂಬಿತ್ತು. ಅಣ್ಣನಾದರೋ ವರ್ಷಗಟ್ಟಲೆ ಮೌನದಲ್ಲಿ ಒಣಗಿಹೋಗಿದ್ದ. ಅವನು ಬಾಯಿ ತೆರೆದು ಹಿಂದಿನದನ್ನು ಎಣಿಸತೊಡಗಿದಾಗ ನಾವು ತಡೆದೆವು. ‘ಆದದ್ದಾಯಿತಪ್ಪಾ, ಹಳೆಯದನ್ನು ಕೆದಕಬೇಡ’ ಎಂದೆವು. ಕೈಗೆ ಕೈ ಕೊಡಿಸಿ ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂರಿಸಿದೆವು. ನೆರೆದವರು ಜಯಕಾರ ಮಾಡಿದರು. ನಮಗೂ ಅದು ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಮುಂದಿನ ಸುಗ್ಗಿಯ ವೇಳೆಗೆ ಇಬ್ಬರೂ ನ್ಯಾಯಾಲಯದ ಮೆಟ್ಟಿಲ ಮೇಲಿದ್ದರು. ಅವರ ಹಟವೇ ಇದಕ್ಕೆ ಕಾರಣವೆಂದು ನಾವು ಬಹುಕಾಲ ನಂಬಿದ್ದೆವು. ಸವರಿದವರು ನಾವು.

ಹಾಗಾದರೆ ಕ್ಷಮೆಯೆಂಬುದು ಗಾಯವನ್ನು ಮತ್ತೆ ತೆರೆಯುವುದನ್ನು ಬೇಡುತ್ತದೆಯೆ? ಮರೆವೇ ದೊಡ್ಡ ಮದ್ದೆಂದು ಹಿರಿಯರು ಹೇಳುವುದುಂಟು. ದಿನನಿತ್ಯದ ಸಣ್ಣ ಮನಸ್ತಾಪಗಳಿಗೆ ಅದು ಸಾಕು. ಹಸಿಯಾಗಿರುವಾಗ ಮಣ್ಣಿಗೆ ಮಣ್ಣು ತಾನಾಗಿ ಅಂಟುತ್ತದೆ. ಒಮ್ಮೆ ಬಿಗಿದ ಮೇಲೆ ಗೀರದೆ ಕೂಡಿಸಲಾಗದು. ಆದರೆ ಗೀರುವುದು ಅಂಚನ್ನು ಮಾತ್ರ, ಗೋಡೆಯನ್ನಲ್ಲ. ಹೊಸ ಮಣ್ಣು ಹಿಡಿದುಕೊಳ್ಳುವಷ್ಟು ಆಳಕ್ಕೆ ಸಾಕು. ಆ ಅಳತೆಯನ್ನು ಯಾವ ಶಾಸ್ತ್ರಗ್ರಂಥವೂ ನಮಗೆ ಕಲಿಸಲಿಲ್ಲ, ವಿಶ್ವವಿದ್ಯಾಲಯವಂತೂ ಇಲ್ಲವೇ ಇಲ್ಲ.

ಆ ಸಹೋದರರನ್ನು ಎರಡನೆಯ ಸಲ ನಾವೇ ಕರೆಸಿದೆವು. ಈ ಬಾರಿ ಸಭೆಯಿರಲಿಲ್ಲ. ಅಣ್ಣ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೇಳಿದ. ನಾವು ತಡೆಯಲಿಲ್ಲ. ನಡುವೆ ಒಂದು ಕಡೆ ತಮ್ಮ ತಲೆಯೆತ್ತದೆ, ‘ಅದು ನಿಜ’ ಎಂದ. ಅಂದು ಪ್ರಸಾದಕ್ಕೆ ಒಟ್ಟಿಗೆ ಕೂರಿರೆಂದು ನಾವು ಹೇಳಲಿಲ್ಲ. ನಾಡಿದ್ದು ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದೆವು.