ಹೂತಿಟ್ಟ ಔಷಧದ ಹೊಣೆ

ಹೊನ್ನಾಳಿಯಲ್ಲಿ ಹಳೆಯ ಮನೆಯೊಂದರ ಅಡಿಪಾಯ ಅಗೆಯುವಾಗ, ಬಿರಡೆ ಸಡಿಲದ, ಒಳಗಿನ ದ್ರವವೂ ಆರದ ಔಷಧದ ಸೀಸೆಯೊಂದು ದೊರೆಯಿತೆನ್ನೋಣ. ಕಂಡವರು ಬೆರಗಾಗುವರು, ಬಳಿಕ ಬಿರಡೆ ಕಿತ್ತು ಚರಂಡಿಗೆ ಸುರಿಯುವರು. ಪ್ರಶ್ನೆ ಹುಟ್ಟುವುದು ಅಲ್ಲಿಯೇ.

1786ರಲ್ಲಿ ಥಾಮಸ್ ಫೌಲರ್ ಎಂಬ ಆಂಗ್ಲ ವೈದ್ಯನು ಪ್ರಚುರಪಡಿಸಿದ ಜ್ವರದ ಔಷಧವು ಪಾಷಾಣದಿಂದ ಮಾಡಿದ ದ್ರಾವಣ. ಇಪ್ಪತ್ತನೆಯ ಶತಮಾನದಲ್ಲಿಯೂ ಅದು ಬಳಕೆಯಲ್ಲಿತ್ತು. ಮೂಲಿಕೆಯ ಸಾರ ಕಾಲಕ್ರಮದಲ್ಲಿ ಕೆಡಬಹುದು. ಪಾಷಾಣದೊಳಗಿನ ಆರ್ಸೆನಿಕ್ ಮೂಲಧಾತುವಾದುದರಿಂದ ಶತಮಾನ ಕಳೆದರೂ ನಶಿಸದು. ಅರಿಯದೆ ಸುರಿದರೆ ಮಣ್ಣಿನ ಎರೆಹುಳುವಿಗೂ ನೆರೆಯ ಬಾವಿಗೂ ವಿಷವುಣಿಸಿದಂತೆ.

ಹೂತವನು ತನ್ನ ಪಾಲಿಗೆ ಮುಗಿಯಿತೆಂದು ಬಗೆದಿರಬಹುದು. ಆದರೆ ಪಂಚಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯು ನಿರ್ಜಂತುಕವಾದ ಎಡೆಯನ್ನು ನೋಡಿಯೇ ವಿಸರ್ಜಿಸಬೇಕೆನ್ನುತ್ತದೆ. ಮುನಿಗಳ ಮಲಮೂತ್ರಗಳಿಗೆ ವಿಧಿಸಿದ ನಿಯಮವದು, ನಿಜ. ಶ್ರಾವಕನ ಸೀಸೆ ಅದಕ್ಕಿಂತ ಘೋರವಾದುದು. ಬಿರಡೆ ತೆರೆಯದೆ ಅದನ್ನು ಪ್ರಯೋಗಾಲಯಕ್ಕೆ ಒಯ್ಯುವ ಶ್ರಮ ಯಾರದು? ಹೂತವನು ಈಗಿಲ್ಲ. ಗುದ್ದಲಿ ಹಿಡಿದವನ ಕೈಯಲ್ಲಿ ಸೀಸೆಯಿದೆ.